ಎಡಕ್ಕೆ ಮಾತ್ರ

ನಮ್ಮೂರ ಬೈಕುಗಳಿಗೆ ಬ್ರೇಕಿಲ್ಲ.
ಗೇರು ಒಂದೇ, ತಿರುವು ಎಡಕ್ಕೆ ಮಾತ್ರ.
ನಾಲ್ವರು ಹೊರಡುತ್ತಾರೆ, ನಾಲ್ಕು ಸುತ್ತು,
ನಿಮಿಷ ಕಳೆಯುವಷ್ಟರಲ್ಲಿ ಹೊರಟಲ್ಲಿಗೇ ವಾಪಸ್ಸು.
ಗೆದ್ದವನಿಗೆ ಮೂರು, ಆಮೇಲೆ ಎರಡು, ಒಂದು.
ಕೊನೆಯವನಿಗೆ ಸೊನ್ನೆ,
ಮತ್ತು ಉಳಿದ ಮೂವರು ಎಬ್ಬಿಸಿದ ಕೆಂಪು ದೂಳು.

ಓಲ್ಶಾನೆಕ್ ಅಂತ ಊರು, ಪೋಲೆಂಡಿನ ಪಶ್ಚಿಮಕ್ಕೆ.
ಸಕ್ಕರೆ ಕಾರ್ಖಾನೆ ಮುಚ್ಚಿ ಹತ್ತೊಂಬತ್ತು ವರ್ಷ,
ಚಿಮಣಿಯ ತುದಿಯಲ್ಲಿ ಕೊಕ್ಕರೆ ಸಂಸಾರ ಹೂಡಿದೆ.
ನಾನು ಲುಡ್ವಿಕಾ, ನಗರಸಭೆಯ ಖಜಾಂಚಿ.
ಕೂಡುವುದು ಕಳೆಯುವುದು ನನ್ನ ಕೆಲಸ.
ಕೈ ಎತ್ತುವುದು ಅವರದು.

ಎತ್ತಿದರು. ಹದಿನಾಲ್ಕು ಕೈ ಮೇಲೆ, ಐದು ಮಡಿಲಲ್ಲಿ.
ಒಬ್ಬರು ಮೂಗು ಒರೆಸಿಕೊಳ್ಳುತ್ತಿದ್ದರು,
ತಟಸ್ಥ ಎಂದು ಬರೆದುಕೊಂಡೆವು.
ಕ್ರೀಡಾಂಗಣದ ಚಾವಣಿಗೆ ಒಂಬತ್ತು ಮಿಲಿಯನ್ ಝ್ವೋಟಿ,
ದೀಪಸ್ತಂಭಗಳಿಗೆ ಮೂರು,
'ಊರಿನ ಪ್ರಚಾರ'ಕ್ಕೆಂದು ಕ್ಲಬ್ಬಿಗೆ ಎರಡೂವರೆ.
ಪ್ರಚಾರ ಅಂದರೆ ಆಸ್ಟ್ರೇಲಿಯಾದ ಆ ಹುಡುಗ:
ಶನಿವಾರ ವಿಮಾನದಲ್ಲಿ ಬರುತ್ತಾನೆ, ಭಾನುವಾರ ರಾತ್ರಿ ಹೋಗುತ್ತಾನೆ,
ಎದೆಯ ಮೇಲೆ ನಮ್ಮೂರ ಲಾಂಛನವಿದೆ,
ಹೆಸರು ಮಾತ್ರ ಇನ್ನೂ ನಾಲಿಗೆಗೆ ಒಗ್ಗಿಲ್ಲ.

ಇಷ್ಟೆಲ್ಲ ಸರಿದೂಗಿಸಬೇಕಲ್ಲ?
ರಾತ್ರಿ ಹತ್ತೂವರೆಗೆ ಬೀದಿದೀಪ ಆರಿಸುವುದೆಂದಾಯಿತು.
ದೀಪದ ಬುಡ ಕತ್ತಲೆ ಅನ್ನುವುದು ನಮ್ಮಲ್ಲಿ ಗಾದೆಯಲ್ಲ,
ನಿರ್ಣಯ ಸಂಖ್ಯೆ ನೂರ ಹನ್ನೆರಡು.

ಬೈದು ಎದ್ದುಹೋಗೋಣವೆಂದರೆ ಅದೂ ಆಗದು.
ಭಾನುವಾರ ಅಪ್ಪನ ಕೋಟಿಗೆ ಹರಳೆಣ್ಣೆಯ ಘಾಟು,
ಆಗ ಎಂಜಿನ್ನುಗಳು ಅದನ್ನೇ ಕುಡಿಯುತ್ತಿದ್ದವು.
ಇವತ್ತಿಗೂ ಔಷಧಿ ಅಂಗಡಿಯಲ್ಲಿ ಆ ಸೀಸೆ ತೆರೆದರೆ
ನನಗೆ ಒಂಬತ್ತು ವರ್ಷ.
ಮಡಿಲಲ್ಲಿ ಪಂದ್ಯದ ಹಾಳೆ, ಕೈಯಲ್ಲಿ ಸೀಸದಕಡ್ಡಿ,
ಹದಿನೈದು ಓಟ, ಪ್ರತಿ ಓಟಕ್ಕೂ ನಾಲ್ಕು ಅಂಕಿ.
ನನಗೆ ಕೂಡುವ ಲೆಕ್ಕ ಕಲಿಸಿದ್ದು ಶಾಲೆಯಲ್ಲ.
ಈಗಲೂ ನೋಡಿ, ಆರು ಸಾವಿರ ಜನ
ಒಂದು ಸೊನ್ನೆಯನ್ನೂ ಬಿಡದೆ ತುಂಬುತ್ತಾರೆ.
ಬಜೆಟ್ಟಿನ ಪುಸ್ತಕ ಗ್ರಂಥಾಲಯದ ಮೇಜಿನ ಮೇಲಿದೆ,
ಗ್ರಂಥಾಲಯ ಬುಧವಾರ ಮಾತ್ರ ತೆರೆದಿರುತ್ತದೆ.

ಸೆಪ್ಟೆಂಬರಿನ ಸಭೆಗೆ ತೆಯೋಫಿಲಾ ಗಾಯ್ದಾ ಬಂದಳು,
ಆಸ್ಪತ್ರೆಯ ಲಾಂಡ್ರಿಯಲ್ಲಿ ಸಂಜೆ ಪಾಳಿ,
ಕುತ್ತಿಗೆಗೆ ಕ್ಲಬ್ಬಿನದೇ ಹಳದಿ ಸ್ಕಾರ್ಫ್.
ನಾಗರಿಕರಿಗೆ ಮೂರು ನಿಮಿಷ. ಅವಳು ಒಂದನ್ನೂ ಪೂರ್ತಿ ಬಳಸಲಿಲ್ಲ.
"ದುಡ್ಡು ಕೇಳೋಕೆ ಬಂದಿಲ್ಲ.
ಹನ್ನೊಂದು ಹತ್ತರ ಬಸ್ಸಿಳಿದರೆ ನನ್ನ ಕಾಲು ನನಗೇ ಕಾಣಲ್ಲ.
ಗೋಡೆಯಾಚೆ ಖಾಲಿ ಟ್ರ್ಯಾಕಿಗೆ ನಡುರಾತ್ರಿವರೆಗೂ ಹಗಲು.
ಆ ತೊಂಬತ್ತಾರರಲ್ಲಿ ಒಂದು ದೀಪ,
ಒಂದೇ ಒಂದು,
ಸ್ಟಾಪಿನ ಕಡೆ ತಿರುಗಿಸಿ."

ಯಾರೋ ನಕ್ಕರು. ಅಧ್ಯಕ್ಷರು 'ತಾಂತ್ರಿಕವಾಗಿ' ಎಂದು ಶುರುಮಾಡಿ
ನೀರು ಕುಡಿದರು.
ನಡಾವಳಿಯಲ್ಲಿ ಒಂದೇ ಪದ: ಗಮನಿಸಲಾಯಿತು.

ಅಕ್ಟೋಬರಿನ ಗಾಳಿ ನಡಾವಳಿ ಓದುವುದಿಲ್ಲ.
ಮೂರನೇ ಸ್ತಂಭದ ಒಂದು ದೀಪ ಕತ್ತು ತಿರುಚಿಕೊಂಡಿತು.
ಗೋಡೆ ದಾಟಿದ ಬೆಳಕು
ಬಸ್‌ಸ್ಟಾಪಿನ ಬೆಂಚು, ಅದರಡಿಯ ಬೆಕ್ಕು,
ಹೊಂಡದ ನೀರು, ಎಲ್ಲ ತೋರಿಸುತ್ತ ನಿಂತುಬಿಟ್ಟಿತು.
ಕ್ಲಬ್ಬಿನಿಂದ ಪತ್ರ: ಸರಿಪಡಿಸಲು ಕ್ರೇನ್ ಬೇಕು,
ಬಾಡಿಗೆ ನಾಲ್ಕು ಸಾವಿರ, ದಯವಿಟ್ಟು ಮಂಜೂರು ಮಾಡಿ.

'ಈ ಶೀರ್ಷಿಕೆಯಡಿ ಅನುದಾನ ಲಭ್ಯವಿಲ್ಲ.'
ಶಿಶುವಿಹಾರದ ಸೋರುವ ಸೂರಿಗೆ ಇದನ್ನೇ ಬರೆದವಳು ನಾನು,
ಏಳನೇ ನಂಬರಿನ ಬಸ್ಸಿಗೂ.
ಆಗೆಲ್ಲ ಪೆನ್ನು ಕಾಲೆಳೆಯುತ್ತಿತ್ತು.
ಈ ಸಲ ಓಡಿತು ನೋಡಿ,
ಮೊದಲ ತಿರುವಿನಲ್ಲೇ ಮೂವರನ್ನು ಹಿಂದೆ ಹಾಕಿದ ಹಾಗೆ.

ನಿನ್ನೆ ಒಂದು ದೂರು ಬಂದಿದೆ.
ಸ್ಟಾಪಿನೆದುರು ಬ್ಲಾಕು, ನಾಲ್ಕನೇ ಮಹಡಿ,
ಕೈ ಎತ್ತಿದ ಹದಿನಾಲ್ಕರಲ್ಲಿ ಒಬ್ಬರು.
ಬೆಳಕಿಗೆ ನಿದ್ದೆ ಹತ್ತುತ್ತಿಲ್ಲವಂತೆ.

ಗಮನಿಸಲಾಯಿತು.